ಯಂತ್ರದೊಡನೆ ಒಂದು ಸಾಲಿನ ಮಾತು

ಕಂಪ್ಯೂಟರಿಗೆ ಕೆಲಸ ಹೇಳುವ ವಿದ್ಯೆಯನ್ನು, ಎಂದರೆ ಪ್ರೋಗ್ರಾಂ ಬರೆಯುವುದನ್ನು, ಕಲಿಯಹೊರಟವರು ನಿಮ್ಮ ಮನೆಯಲ್ಲಿದ್ದರೆ ಅವರ ಮೇಜಿನ ಮೇಲೆ ಒಂದಲ್ಲ ಒಂದು ದಿನ ಒಂದು ಕಪ್ಪು ಕಿಟಕಿ ತೆರೆದುಕೊಂಡಿರುವುದನ್ನು ನೀವು ಕಂಡಿರಬಹುದು. ಅದರಲ್ಲಿ ಚಿತ್ರವಿಲ್ಲ, ಒತ್ತಲು ಗುಂಡಿಯಿಲ್ಲ. ಎಡಮೂಲೆಯಲ್ಲಿ ಒಂದು ಪುಟ್ಟ ಚಿಹ್ನೆ, ಅದರ ಪಕ್ಕದಲ್ಲಿ ಮಿನುಗುವ ಒಂದು ಗೆರೆ, ಅಷ್ಟೆ. ಇದಕ್ಕೆ ಕಮಾಂಡ್ ಲೈನ್ ಎಂದು ಹೆಸರು. ನಮ್ಮ ಮಾತಿನಲ್ಲಿ ಅಪ್ಪಣೆಯ ಸಾಲು ಎನ್ನೋಣ. ಹೊಸಬರು ಇದರ ಮುಂದೆ ಕುಳಿತು ಅಂಜುವುದು ಸಾಮಾನ್ಯ. ಬರೆಯಬೇಕಾದ ಮಾತುಗಳೋ ಎರಡೆರಡು ಅಕ್ಷರದ ಒಗಟುಗಳು. ಸರಿಯಾಗಿ ಬರೆದರೆ ಯಂತ್ರ ತುಟಿ ಬಿಚ್ಚುವುದಿಲ್ಲ. ತಪ್ಪು ಬರೆದರೆ ಮಾತ್ರ ಗದರಿಸುತ್ತದೆ. ಇದು ನನ್ನ ಬುದ್ಧಿಗೆ ಎಟುಕುವುದಲ್ಲ ಎಂದು ಎದ್ದುಹೋದವರೂ ಉಂಟು. ಅವರ ಬುದ್ಧಿಯದೇನೂ ದೋಷವಿಲ್ಲ. ಆ ಸಾಲು ಹಾಗೆ ಚುಟುಕಾಗಿ, ಬಿಗುಮಾನವಾಗಿ ಇರುವುದಕ್ಕೆ ಕಾರಣಗಳಿವೆ. ಅವು ಬಹುಮಟ್ಟಿಗೆ ಚರಿತ್ರೆಯ ಕಾರಣಗಳು. ಆ ಚರಿತ್ರೆ ಮೊದಲಾಗುವುದು ಕಂಪ್ಯೂಟರಿನಿಂದಲ್ಲ, ತಂತಿ ಕಚೇರಿಯಿಂದ.

ನಮ್ಮ ದೇಶದಲ್ಲಿ ತಂತಿ ಸೇವೆ ನಿಂತದ್ದು ೨೦೧೩ರ ಜುಲೈ ತಿಂಗಳಲ್ಲಿ. ಅದಕ್ಕೆ ಮುಂಚೆ ತಂತಿ ಕೊಟ್ಟ ಅನುಭವವಿರುವ ಹಿರಿಯರಿಗೆ ಒಂದು ಸಂಗತಿ ನೆನಪಿದ್ದೀತು. ತಂತಿಗೆ ದರ ಮಾತಿನ ಲೆಕ್ಕದಲ್ಲಿ. ಆದುದರಿಂದ ಕಾಗದದಲ್ಲಿ ಎರಡು ಪುಟ ಬರೆಯುವವರು ಸಹ ತಂತಿಯ ಫಾರಮ್ಮಿನಲ್ಲಿ ನಾಲ್ಕು ಮಾತಿಗೆ ಇಳಿಯುತ್ತಿದ್ದರು. ಕ್ಷೇಮಸಮಾಚಾರವಿಲ್ಲ, ನಮಸ್ಕಾರಗಳಿಲ್ಲ, ಹೊರಡು, ಬಂದೆ, ಹಣ ಕಳಿಸು. ಮದುವೆಗೆ, ಹಬ್ಬಕ್ಕೆ ಶುಭಾಶಯ ಕಳಿಸುವವರ ಅನುಕೂಲಕ್ಕಾಗಿ ಇಲಾಖೆಯವರು ಸಿದ್ಧ ವಾಕ್ಯಗಳ ಪಟ್ಟಿಯೊಂದನ್ನೇ ಮಾಡಿ ಒಂದೊಂದಕ್ಕೆ ಒಂದೊಂದು ನಂಬರು ಕೊಟ್ಟಿದ್ದರು. ನಂಬರು ಬರೆದರೆ ಸಾಕು, ಆ ಕಡೆ ಇಡೀ ವಾಕ್ಯ ಮೂಡುತ್ತಿತ್ತು. ಅಪ್ಪಣೆಯ ಸಾಲಿನ ಗುಟ್ಟು ಇದರಲ್ಲೇ ಇದೆ. ಈ ಕಡೆ ಚಿಕ್ಕ ಗುರುತು, ಆ ಕಡೆ ದೊಡ್ಡ ಕೆಲಸ.

ತಂತಿ ಕಳಿಸುವ ಕಟ್ಟುಕಡ್ಡಿಯ ಸದ್ದಿನ ಜಾಗಕ್ಕೆ ಮುಂದೆ ಟೆಲಿಪ್ರಿಂಟರ್ ಬಂತು. ಇದು ತಂತಿಯ ತುದಿಗೆ ಕಟ್ಟಿದ ಟೈಪ್‌ರೈಟರು ಎಂದರೆ ತಪ್ಪಾಗದು. ಇಲ್ಲಿ ಒತ್ತಿದ ಅಕ್ಷರ ದೂರದ ಊರಿನ ಕಾಗದದ ಸುರುಳಿಯ ಮೇಲೆ ಅಚ್ಚಾಗುತ್ತಿತ್ತು. ಇಂಥ ಯಂತ್ರದ ಆ ತುದಿಯಲ್ಲಿ ಇನ್ನೊಬ್ಬ ಗುಮಾಸ್ತೆಯ ಬದಲು ಲೆಕ್ಕ ಮಾಡುವ ಯಂತ್ರವೇ ಇದ್ದರೆ ಹೇಗೆ? ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಜಾರ್ಜ್ ಸ್ಟಿಬಿಟ್ಸ್ ಎಂಬ ಗಣಿತಜ್ಞ ಇದನ್ನು ಮಾಡಿ ತೋರಿಸಿದ. ಟೆಲಿಫೋನಿನ ರಿಲೇಗಳನ್ನು ಜೋಡಿಸಿ ಲೆಕ್ಕ ಮಾಡಿಸಬಹುದೆಂದು ೧೯೩೭ರಲ್ಲಿ ತನ್ನ ಅಡಿಗೆಮನೆಯ ಮೇಜಿನ ಮೇಲೆ ಪ್ರಯೋಗ ಮಾಡಿದ್ದವನು ಈತನೇ. ೧೯೪೦ರ ಸೆಪ್ಟೆಂಬರ್ ೧೧ರಂದು ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತ ಪರಿಷತ್ತಿನ ಸಭೆ ಸೇರಿತ್ತು. ಲೆಕ್ಕದ ಯಂತ್ರವಿದ್ದುದು ನೂರಾರು ಮೈಲಿ ದೂರದ ನ್ಯೂಯಾರ್ಕಿನಲ್ಲಿ. ಸಭೆಯ ಎದುರಿಗಿದ್ದುದು ಒಂದು ಟೆಲಿಪ್ರಿಂಟರ್ ಮಾತ್ರ. ಸಭಿಕರು ಎದ್ದು ಬಂದು ಲೆಕ್ಕ ಟೈಪು ಮಾಡಿದರು. ಒಂದು ನಿಮಿಷದೊಳಗೆ ಉತ್ತರ ಅದೇ ಕಾಗದದ ಮೇಲೆ ಅಚ್ಚಾಗಿ ಬಂತು. ಆ ಸಭೆಯಲ್ಲಿ ನಾರ್ಬರ್ಟ್ ವೀನರ್, ಜಾನ್ ಮಾಕ್ಲಿಯಂಥವರು ಇದ್ದರು. ಯಂತ್ರಕ್ಕೆ ಒಂದು ಸಾಲು ಬರೆದು ಒಂದು ಸಾಲಿನ ಉತ್ತರ ಪಡೆದವರ ಪಟ್ಟಿ ಮಾಡುವುದಾದರೆ ಇವರಿಂದಲೇ ಮೊದಲು ಮಾಡಬೇಕು.

ಇಷ್ಟು ಒಳ್ಳೆಯ ಆರಂಭವಾದ ಮೇಲೆ ಮುಂದಿನ ಇಪ್ಪತ್ತು ವರ್ಷ ಹಿಂದಕ್ಕೆ ಹೋದಂತಾಯಿತು. ಯುದ್ಧಾನಂತರ ಬಂದ ದೊಡ್ಡ ಕಂಪ್ಯೂಟರುಗಳು ಲಕ್ಷಾಂತರ ಡಾಲರಿನ ಸರಕು. ಒಂದು ಕ್ಷಣವೂ ಅವು ಸುಮ್ಮನೆ ಕೂಡಬಾರದು. ಆದುದರಿಂದ ಸಾಮಾನ್ಯ ಕೆಲಸಗಾರನನ್ನು ಅವುಗಳ ಹತ್ತಿರ ಬಿಡುತ್ತಲೇ ಇರಲಿಲ್ಲ. ಅವನು ತನ್ನ ಪ್ರೋಗ್ರಾಮನ್ನು ತೂತು ಹೊಡೆದ ರಟ್ಟಿನ ಕಾರ್ಡುಗಳ ಮೇಲೆ ಸಿದ್ಧಮಾಡಿ, ಕಟ್ಟು ಕಟ್ಟಿ, ಕಿಟಕಿಯಲ್ಲಿ ಕೊಡಬೇಕು. ಒಳಗಿನವರು ಸರದಿಯ ಪ್ರಕಾರ ಯಂತ್ರಕ್ಕೆ ಉಣಿಸಿ, ಉತ್ತರದ ಕಾಗದವನ್ನು ಹೊರಗೆ ಇಡುತ್ತಿದ್ದರು. ಗಂಟೆಗಟ್ಟಲೆ, ಕೆಲವೊಮ್ಮೆ ಒಂದು ದಿನ, ಕಾಯಬೇಕಾಗುತ್ತಿತ್ತು. ಕಾದು ನೋಡಿದರೆ ಎಲ್ಲೋ ಒಂದು ಅಲ್ಪವಿರಾಮ ತಪ್ಪಿದ್ದರಿಂದ ಕೆಲಸ ನಡೆದೇ ಇಲ್ಲವೆಂಬ ಒಂದು ಸಾಲು! ಗರ್ಭಗುಡಿಯೊಳಗೆ ಅರ್ಚಕರು ಮಾತ್ರ. ಭಕ್ತ ಹೊರಗಿನಿಂದ ಹಣ್ಣುಕಾಯಿ ಕೊಟ್ಟು ಪ್ರಸಾದಕ್ಕೆ ಕಾಯಬೇಕು. ಹೋಲಿಕೆ ನನ್ನದಲ್ಲ, ಆ ಕಾಲದ ಅಮೆರಿಕದವರೇ ಯಂತ್ರದ ಕೋಣೆಯವರನ್ನು ಪುರೋಹಿತವರ್ಗವೆಂದು ಗೇಲಿ ಮಾಡುತ್ತಿದ್ದರು. ಆ ಕಾರ್ಡಿನಲ್ಲಿ ಎಂಬತ್ತು ಅಂಕಣಗಳಿದ್ದುವು. ಇವತ್ತಿಗೂ ಕಪ್ಪು ಕಿಟಕಿಯನ್ನು ತೆರೆದರೆ ಬಹುಮಟ್ಟಿಗೆ ಎಂಬತ್ತು ಅಕ್ಷರದ ಅಗಲಕ್ಕೇ ತೆರೆಯುತ್ತದೆ. ಕಾರ್ಡು ಹೋಯಿತು, ಅಗಲ ಉಳಿಯಿತು.

ಈ ಕಾಯುವಿಕೆ ಮನುಷ್ಯನ ಯೋಚನೆಯನ್ನೇ ಕೊಲ್ಲುತ್ತದೆ ಎಂದು ಕಂಡವರಲ್ಲಿ ಎಂ.ಐ.ಟಿ. ವಿದ್ಯಾಸಂಸ್ಥೆಯ ಜಾನ್ ಮೆಕಾರ್ತಿ ಒಬ್ಬ. ೧೯೫೯ರ ಹೊಸವರ್ಷದ ದಿನ ಹಾಕಿದ ಒಂದು ಟಿಪ್ಪಣಿಯಲ್ಲಿ, ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಉಪಾಯವನ್ನು ಆತ ಸೂಚಿಸಿದ. ಉಪಾಯ ಸರಳ. ಮನುಷ್ಯ ಒಂದು ಅಕ್ಷರ ಒತ್ತಿ ಇನ್ನೊಂದನ್ನು ಹುಡುಕುವಷ್ಟರಲ್ಲಿ ಯಂತ್ರ ಸಾವಿರಾರು ಲೆಕ್ಕ ಮಾಡೀತು. ಹೋಟೆಲಿನಲ್ಲಿ ಚುರುಕಾದ ಒಬ್ಬನೇ ಮಾಣಿ ಹತ್ತು ಮೇಜುಗಳನ್ನು ಸುಧಾರಿಸುವುದಿಲ್ಲವೇ? ಪ್ರತಿ ಮೇಜಿನವನಿಗೂ ಮಾಣಿ ತನ್ನವನೇ ಎನ್ನಿಸುತ್ತದೆ. ಅದೇ ವಿದ್ಯಾಸಂಸ್ಥೆಯ ಫರ್ನಾಂಡೊ ಕಾರ್ಬಟೊ ಎಂಬಾತ ತನ್ನ ಸಂಗಡಿಗರೊಡನೆ ಇದನ್ನು ೧೯೬೧ರ ನವೆಂಬರಿನಲ್ಲಿ ನಡೆಸಿ ತೋರಿಸಿದ. ಸಿ.ಟಿ.ಎಸ್.ಎಸ್. ಎಂದು ಅದರ ಹೆಸರು. ಆಗ ಅದರ ಮುಂದೆ ಕುಳಿತವರು ನಾಲ್ಕೇ ಮಂದಿ, ನಾಲ್ಕು ವಿದ್ಯುತ್ ಟೈಪ್‌ರೈಟರುಗಳ ಎದುರಿಗೆ. ೧೯೬೩ರಿಂದ ಅದು ನಿತ್ಯದ ಬಳಕೆಗೆ ಬಂತು. ಬಂದವನು ಮೊದಲು ತನ್ನ ಹೆಸರು ಹೇಳಬೇಕು, ಗುಪ್ತಪದ ಕೊಡಬೇಕು, ಆಮೇಲೆ ಒಂದೊಂದೇ ಅಪ್ಪಣೆ. ಇಂದು ನೀವು ಬ್ಯಾಂಕಿನ ಲೆಕ್ಕ ನೋಡಲು ಕೊಡುವ ಪಾಸ್‌ವರ್ಡಿನ ಅಜ್ಜ ಹುಟ್ಟಿದ್ದು ಅಲ್ಲಿಯೇ.

ಒಬ್ಬ ಸಾಮಾನ್ಯ ವಿದ್ಯಾರ್ಥಿ ಪುರೋಹಿತರನ್ನು ದಾಟಿ ಯಂತ್ರದೊಡನೆ ಮುಖಾಮುಖಿ ಮಾತನಾಡಿದ್ದು ಆಗ. ತಪ್ಪಿದರೆ ಅದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ತಿದ್ದಿ ಮತ್ತೆ ಬರೆಯಬಹುದಾಗಿತ್ತು. ನೀವು ಈಗ ಕಾಣುವ ಮಿನುಗುವ ಗೆರೆಯ ಪಕ್ಕದ ಚಿಹ್ನೆಗೆ ‘ಪ್ರಾಂಪ್ಟ್’ ಎನ್ನುತ್ತಾರೆ. ನಮ್ಮ ಕಂಪನಿ ನಾಟಕಗಳಲ್ಲಿ ಪರದೆಯ ಮರೆಯಲ್ಲಿ ನಿಂತು ಪಾತ್ರಧಾರಿಗೆ ಮರೆತ ಮಾತನ್ನು ಉಸುರುವ ಪ್ರಾಂಪ್ಟರು ನಿಮಗೆ ಗೊತ್ತು. ಈ ಪ್ರಾಂಪ್ಟು ಅಷ್ಟು ಉಪಕಾರಿಯಲ್ಲ. ಮಾತನ್ನು ಹೇಳಿಕೊಡುವುದಿಲ್ಲ, ‘ಈಗ ನಿನ್ನ ಸರದಿ’ ಎಂದಷ್ಟೇ ಸೂಚಿಸುತ್ತದೆ. ಹೊಸಬರಿಗೆ ತೋರುವ ಮೊದಲ ಕಷ್ಟ ಇದೇ. ಚಿತ್ರಗಳಿರುವ ಪರದೆ, ಏನೇನು ಮಾಡಬಹುದೆಂದು ಹೋಟೆಲಿನ ತಿಂಡಿಯ ಬೋರ್ಡಿನಂತೆ ತೋರಿಸುತ್ತದೆ. ಈ ಸಾಲಿನಲ್ಲಿ ಬೋರ್ಡಿಲ್ಲ. ಏನು ಬೇಕೆಂದು ನೀವೇ ಹೇಳಬೇಕು.

ನಿಮ್ಮ ಸಾಲನ್ನು ಓದಿ, ಅದರಲ್ಲಿ ಅಪ್ಪಣೆ ಯಾವುದು, ಯಾವುದರ ಮೇಲೆ ಎಂದು ಬಿಡಿಸಿ, ತಕ್ಕ ಪ್ರೋಗ್ರಾಮನ್ನು ಕರೆಯುವ ಮಧ್ಯಸ್ಥ ಒಬ್ಬನಿದ್ದಾನೆ. ಅವನ ಹೆಸರು ‘ಶೆಲ್’, ಎಂದರೆ ಚಿಪ್ಪು. ಯಂತ್ರದ ತಿರುಳನ್ನು ಸುತ್ತಿರುವ ಹೊರಚಿಪ್ಪು ಎಂಬ ಭಾವ. ಈ ಹೆಸರನ್ನಿಟ್ಟವನು ಲೂಯಿ ಪೂಜಾ ಎಂಬ ಫ್ರೆಂಚ್ ಎಂಜಿನಿಯರು. ಎಂ.ಐ.ಟಿ.ಯಲ್ಲಿದ್ದಾಗ, ದಿನವೂ ಬರೆಯುವ ಅಪ್ಪಣೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟು ಒಟ್ಟಿಗೆ ನಡೆಸುವ ಅನುಕೂಲವನ್ನೂ ಆತ ಮಾಡಿದ್ದ. ಸಿ.ಟಿ.ಎಸ್.ಎಸ್.ನ ಅನಂತರ ಎಂ.ಐ.ಟಿ., ಬೆಲ್ ಪ್ರಯೋಗಶಾಲೆ, ಜನರಲ್ ಎಲೆಕ್ಟ್ರಿಕ್ ಕಂಪನಿ ಈ ಮೂವರು ಕೂಡಿ ಮಲ್ಟಿಕ್ಸ್ ಎಂಬ ಭಾರಿ ವ್ಯವಸ್ಥೆಯನ್ನು ಕಟ್ಟಹೊರಟರು. ಅದರ ಮೊದಲ ಶೆಲ್ಲನ್ನು ೧೯೬೫ರ ಸುಮಾರಿಗೆ ಬರೆದು ನಡೆಸಿದವಳು ಗ್ಲೆಂಡಾ ಶ್ರೋಡರ್ ಎಂಬ ಮಹಿಳೆ. ಈ ಕಥೆಯಲ್ಲಿ ಗಂಡಸರ ಹೆಸರುಗಳೇ ತುಂಬಿರುವುದರಿಂದ ಈಕೆಯ ಹೆಸರನ್ನು ಬಿಡದೆ ಹೇಳುವುದು ನ್ಯಾಯ.

ಮಲ್ಟಿಕ್ಸ್ ನಿರೀಕ್ಷಿಸಿದ್ದಕ್ಕಿಂತ ನಿಧಾನವಾಯಿತು, ದುಬಾರಿಯಾಯಿತು. ೧೯೬೯ರಲ್ಲಿ ಬೆಲ್‌ನವರು ಕೈಬಿಟ್ಟರು. ಅಲ್ಲಿ ಅದರ ರುಚಿ ಹತ್ತಿದ್ದ ಕೆಲವು ತರುಣರಿಗೆ ಮತ್ತೆ ಕಾರ್ಡಿನ ಕಾಲಕ್ಕೆ ಹೋಗುವ ಮನಸ್ಸಿರಲಿಲ್ಲ. ಅವರಲ್ಲಿ ಕೆನ್ ಥಾಂಪ್ಸನ್ ಒಬ್ಬ, ಡೆನಿಸ್ ರಿಚಿ ಇನ್ನೊಬ್ಬ. ಹೆಚ್ಚು ಬಳಕೆಯಿಲ್ಲದ ಪಿ.ಡಿ.ಪಿ.-೭ ಎಂಬ ಚಿಕ್ಕ ಯಂತ್ರವೊಂದು ಅವರ ಕೈಗೆ ಸಿಕ್ಕಿತು. ೧೯೬೯ರ ಬೇಸಗೆಯಲ್ಲಿ ಥಾಂಪ್ಸನ್ನನ ಹೆಂಡತಿ ಮಗುವನ್ನು ಕರೆದುಕೊಂಡು ಹಿರಿಯರ ಮನೆಗೆ ಹೋಗಿದ್ದ ಕೆಲವು ವಾರಗಳಲ್ಲಿ, ಒಂದೊಂದು ಭಾಗಕ್ಕೆ ಒಂದೊಂದು ವಾರದಂತೆ, ಆತ ಹೊಸ ವ್ಯವಸ್ಥೆಯ ಅಸ್ತಿಭಾರ ಹಾಕಿದ. ಇದೇ ಯುನಿಕ್ಸ್. ದೊಡ್ಡ ಯಂತ್ರ ಕೊಳ್ಳಲು ಮೇಲಿನವರು ಹಣ ಕೊಡಲೊಲ್ಲರು. ಪೇಟೆಂಟ್ ಅರ್ಜಿಗಳನ್ನು ಟೈಪು ಮಾಡಿ ಜೋಡಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದು ಹೇಳಿ ಇವರು ೧೯೭೦ರಲ್ಲಿ ಪಿ.ಡಿ.ಪಿ.-೧೧ನ್ನು ತರಿಸಿಕೊಂಡರು. ಮಾತು ತಪ್ಪಲಿಲ್ಲ. ೧೯೭೧ರಲ್ಲಿ ಪೇಟೆಂಟ್ ಶಾಖೆಯ ಮೂವರು ಟೈಪಿಸ್ಟರು ದಿನವೆಲ್ಲ ಅದರ ಮೇಲೆ ಕೆಲಸ ಮಾಡಿದರು. ಅಪ್ಪಣೆಯ ಸಾಲು ವಿಜ್ಞಾನಿಗಳಿಗೆ ಮಾತ್ರ ಎಂದು ಯಾರಾದರೂ ಹೇಳಿದರೆ ಈ ಸಂಗತಿಯನ್ನು ಜ್ಞಾಪಿಸಿ: ಯುನಿಕ್ಸಿನ ಮೊದಲ ನಿಜವಾದ ಗಿರಾಕಿಗಳು ಕಚೇರಿಯ ಟೈಪಿಸ್ಟರು.

ಈಗ ಆ ಎರಡಕ್ಷರದ ಒಗಟುಗಳಿಗೆ ಬರೋಣ. ಯುನಿಕ್ಸ್ ಹುಟ್ಟಿದ್ದು ಟೆಲಿಟೈಪ್ ಕಂಪನಿಯ ೩೩ನೆಯ ಮಾದರಿಯಂಥ ಯಂತ್ರಗಳ ಮೇಲೆ. ೧೯೬೩ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯಲ್ಲಿ ಕೀಲಿಗಳು ಬಿಗಿ. ಒತ್ತಿ ಒತ್ತಿ ಬೆರಳು ನೋಯಬೇಕು. ಅದು ಅಚ್ಚು ಮಾಡುತ್ತಿದ್ದುದು ಸೆಕೆಂಡಿಗೆ ಹತ್ತೇ ಅಕ್ಷರ. ಎಪ್ಪತ್ತು ಅಕ್ಷರದ ಒಂದು ಸಾಲು ಮುಗಿಯಲು ಏಳು ಸೆಕೆಂಡು. ಇಂಥ ಯಂತ್ರದ ಮುಂದೆ ಕುಳಿತವನು ‘ಲಿಸ್ಟ್’ ಎಂದು ಪೂರ್ತಿ ಬರೆದಾನೆಯೇ? ‘ಎಲ್‌ಎಸ್’ ಎಂದು ಮುಗಿಸಿದ. ನಕಲು ಮಾಡುವ ‘ಕಾಪಿ’ ಎಂಬುದು ‘ಸಿಪಿ’ ಆಯಿತು, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ‘ಮೂವ್’ ಎಂಬುದು ‘ಎಂವಿ’, ಅಳಿಸುವ ‘ರಿಮೂವ್’ ಎಂಬುದು ‘ಆರ್‌ಎಂ’. ತಂತಿಯ ಫಾರಮ್ಮಿನ ಜಿಪುಣತನವೇ ಇಲ್ಲಿಯೂ. ಅಲ್ಲಿ ಕಾಸಿನ ಲೆಕ್ಕ, ಇಲ್ಲಿ ಬೆರಳಿನ ಮತ್ತು ಹೊತ್ತಿನ ಲೆಕ್ಕ.

ಯಂತ್ರದ ಮೌನಕ್ಕೂ ಇದೇ ಕಾರಣ. ನೀವು ಕಡತವನ್ನು ನಕಲು ಮಾಡೆಂದಿರಿ, ಮಾಡಿತು. ‘ತಮ್ಮ ಕಡತವನ್ನು ಯಶಸ್ವಿಯಾಗಿ ನಕಲು ಮಾಡಲಾಗಿದೆ’ ಎಂದು ಅಚ್ಚು ಮಾಡುತ್ತ ಕುಳಿತರೆ ನಿಮ್ಮ ಸಮಯ ಹಾಳು, ಕಾಗದವೂ ಹಾಳು. ಆದುದರಿಂದ ಕೆಲಸ ಆದರೆ ಮಾತಿಲ್ಲ, ಕೆಟ್ಟರೆ ಮಾತ್ರ ಮಾತು. ಆ ಕಾಲದ ‘ಎಡ್’ ಎಂಬ ತಿದ್ದುವ ಪ್ರೋಗ್ರಾಂ ತಪ್ಪಿಗೂ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಮುದ್ರಿಸಿ ಸುಮ್ಮನಾಗುತ್ತಿತ್ತು. ಇದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಹೊಸಬರು ಒಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಅಂಜಿಕೆ ಕಳೆಯುತ್ತದೆ: ಇಲ್ಲಿ ಮೌನ ಸಮ್ಮತಿ ಲಕ್ಷಣ. ಪ್ರಾಂಪ್ಟು ಮರಳಿ ಕಾಣಿಸಿತೆಂದರೆ ಅಪ್ಪಣೆ ನೆರವೇರಿತೆಂದು ತಿಳಿಯಬಹುದು.

ನೀವೇ ನೋಡಬೇಕೆಂದಿದ್ದರೆ ಕಷ್ಟವೇನಿಲ್ಲ. ಲಿನಕ್ಸ್ ಅಥವಾ ಮ್ಯಾಕ್ ಯಂತ್ರದಲ್ಲಿ ‘ಟರ್ಮಿನಲ್’ ಎಂಬುದನ್ನೂ, ವಿಂಡೋಸಿನಲ್ಲಿ ‘ಪವರ್‌ಶೆಲ್’ ಎಂಬುದನ್ನೂ ತೆರೆಯಿರಿ. ಮೊದಲು ‘ಪಿಡಬ್ಲ್ಯುಡಿ’ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆದು ಎಂಟರ್ ಒತ್ತಿ. ನಮ್ಮ ಕಡೆ ಈ ಹೆಸರು ಕೇಳಿದರೆ ರಸ್ತೆ ರಿಪೇರಿಯ ಇಲಾಖೆ ನೆನಪಾಗುತ್ತದೆ. ಇಲ್ಲಿ ಅದರ ಅರ್ಥ ‘ನಾನು ಈಗ ನಿಂತಿರುವ ಸ್ಥಳವನ್ನು ಅಚ್ಚು ಮಾಡು’ ಎಂದು. ಅದರ ಮೊದಲಕ್ಷರ ‘ಪ್ರಿಂಟ್’ ಎಂಬುದರ ಪಳೆಯುಳಿಕೆ. ನಿಜವಾಗಿ ಕಾಗದದ ಮೇಲೆ ಅಚ್ಚಾಗುತ್ತಿದ್ದ ಕಾಲದ ಮಾತು ಗಾಜಿನ ಪರದೆಯ ಕಾಲದಲ್ಲೂ ಉಳಿದಿದೆ. ಸ್ಥಳ ತಿಳಿದ ಮೇಲೆ ‘ಎಲ್‌ಎಸ್’ ಎಂದರೆ ಅಲ್ಲಿರುವ ಕಡತಗಳ ಪಟ್ಟಿ. ‘ಸಿಡಿ’ ಎಂದು ಬರೆದು ಒಂದು ಫೋಲ್ಡರಿನ ಹೆಸರು ಕೊಟ್ಟರೆ ಅದರೊಳಕ್ಕೆ ಪ್ರವೇಶ. ‘ಸಿಡಿ’ಯ ಮುಂದೆ ಒಂದು ಜಾಗ ಬಿಟ್ಟು ಎರಡು ಚುಕ್ಕೆಯಿಟ್ಟರೆ ಒಂದು ಮೆಟ್ಟಿಲು ಮೇಲಕ್ಕೆ. ಈ ಮೂರರಿಂದ ಏನೂ ಕೆಡುವುದಿಲ್ಲ. ಮನೆಯ ಕೋಣೆ ಕೋಣೆ ಸುತ್ತಿ ನೋಡಿದ ಹಾಗೆ. ಒಂದು ವಾರ ಇದನ್ನೇ ಮಾಡಿದರೂ ನಷ್ಟವಿಲ್ಲ. ಲಿನಕ್ಸಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳು ಬೇರೆ ಬೇರೆ ಎಂಬುದನ್ನೂ, ಎರಡು ಪದಗಳ ನಡುವಣ ಜಾಗಕ್ಕೂ ಅರ್ಥವಿದೆ ಎಂಬುದನ್ನೂ ಮರೆಯಬಾರದು. ಯಾವ ಅಪ್ಪಣೆಯ ವಿವರ ಬೇಕಾದರೂ ‘ಮ್ಯಾನ್’ ಎಂದು ಬರೆದು ಅದರ ಹೆಸರು ಕೊಟ್ಟರೆ ಕೈಪಿಡಿಯ ಪುಟ ಬರುತ್ತದೆ. ಹೊರಬರಲು ‘ಕ್ಯೂ’ ಒತ್ತಬೇಕು. ವಿಂಡೋಸಿನವರು ‘ಗೆಟ್-ಹೆಲ್ಪ್’ ಎನ್ನಬೇಕು. ಥಾಂಪ್ಸನ್ ಮತ್ತು ರಿಚಿ ಬರೆದ ಮೊದಲ ಯುನಿಕ್ಸ್ ಕೈಪಿಡಿಯ ತಾರೀಕು ೧೯೭೧ರ ನವೆಂಬರ್ ೩. ಅದರಲ್ಲಿ ಒಂದು ಅಪರೂಪದ ಪ್ರಾಮಾಣಿಕತೆಯಿತ್ತು. ಅಪ್ಪಣೆಯ ಗುಣ ಹೇಳಿದ ಮೇಲೆ ಕೊನೆಗೆ ಅದರ ದೋಷಗಳಿಗೂ ಒಂದು ಅಂಕಣ! ಮಾರುವ ಸರಕಿನ ದೋಷವನ್ನು ತಾನೇ ಬರೆದುಕೊಡುವ ಅಂಗಡಿಯನ್ನು ನೀವು ಕಂಡಿದ್ದೀರಾ?

ನಿಜವಾಗಿ ಅಂಜಬೇಕಾದದ್ದು ‘ಆರ್‌ಎಂ’ಗೆ. ಚಿತ್ರದ ಪರದೆಯಲ್ಲಿ ಕಡತವನ್ನು ಎಸೆದರೆ ಅದು ಕಸದ ಬುಟ್ಟಿಯಲ್ಲಿ ಬಿದ್ದಿರುತ್ತದೆ, ಬೇಕೆಂದಾಗ ತೆಗೆದುಕೊಳ್ಳಬಹುದು. ಆ ಬುಟ್ಟಿ ಜನಕ್ಕೆ ಪರಿಚಯವಾದದ್ದು ಆಪಲ್ ಕಂಪನಿಯ ಲಿಸಾ ಮತ್ತು ಮ್ಯಾಕಿಂತೋಷ್ ಯಂತ್ರಗಳಿಂದ, ೧೯೮೩-೮೪ರಲ್ಲಿ. ‘ಆರ್‌ಎಂ’ ಅದಕ್ಕಿಂತ ಹತ್ತು ಹನ್ನೆರಡು ವರ್ಷ ಹಿರಿಯ. ಅದಕ್ಕೆ ಬುಟ್ಟಿ ಗೊತ್ತಿಲ್ಲ. ಅಳಿಸು ಎಂದರೆ ಅಳಿಸಿತು. ೧೯೯೮ರಲ್ಲಿ ಪಿಕ್ಸಾರ್ ಸಂಸ್ಥೆಯವರು ‘ಟಾಯ್ ಸ್ಟೋರಿ’ ಎಂಬ ಪ್ರಸಿದ್ಧ ಚಿತ್ರದ ಎರಡನೆಯ ಭಾಗವನ್ನು ತಯಾರಿಸುತ್ತಿದ್ದಾಗ ಯಾರೋ ಈ ಅಪ್ಪಣೆಯನ್ನು ತಪ್ಪಾದ ಜಾಗದಲ್ಲಿ ಕೊಟ್ಟುಬಿಟ್ಟರು. ಕಣ್ಣೆದುರಿಗೇ ಪಾತ್ರಗಳು ಒಂದೊಂದಾಗಿ ಮಾಯವಾಗತೊಡಗಿದುವು. ಯಂತ್ರದ ವಿದ್ಯುತ್ತನ್ನೇ ಕಿತ್ತು ನಿಲ್ಲಿಸುವ ಹೊತ್ತಿಗೆ ಬಹುಭಾಗ ಹೋಗಿತ್ತು. ಕಾಪಾಡಬೇಕಾಗಿದ್ದ ನಕಲು ಪ್ರತಿಯೂ ಕೆಟ್ಟಿತ್ತು. ಆಗ ಚಿತ್ರದ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್ಮನ್ ಎಂಬಾಕೆಗೆ ತನ್ನ ಮನೆಯಲ್ಲೊಂದು ಪ್ರತಿ ಇರುವುದು ನೆನಪಾಯಿತು. ಬಾಣಂತಿಯಾಗಿದ್ದ ಆಕೆ ಮನೆಯಿಂದಲೇ ಕೆಲಸ ಮಾಡಲು ಅದನ್ನು ಇಟ್ಟುಕೊಂಡಿದ್ದಳು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ ಕೂಸಿನಂತೆ ಕಾರಿನಲ್ಲಿ ತಂದು ಚಿತ್ರವನ್ನು ಉಳಿಸಿಕೊಂಡರು. ಆದುದರಿಂದ ಕಲಿಯುವವರು ಒಂದು ಬೇರೆ ಫೋಲ್ಡರು ಮಾಡಿಕೊಂಡು, ಬೇಡದ ಕಡತಗಳನ್ನೇ ಸೃಷ್ಟಿಸಿ, ಅವುಗಳ ಮೇಲೆ ಕೈ ಪಳಗಿಸಬೇಕು. ಲಿನಕ್ಸ್, ಮ್ಯಾಕ್‌ಗಳಲ್ಲಿ ‘ಆರ್‌ಎಂ’ ಪಕ್ಕದಲ್ಲಿ ಒಂದು ಅಡ್ಡಗೆರೆ, ಅದಕ್ಕೆ ಅಂಟಿಸಿ ‘ಐ’ ಅಕ್ಷರ ಸೇರಿಸಿದರೆ ಅಳಿಸುವ ಮುನ್ನ ಒಂದೊಂದಕ್ಕೂ ನಿಮ್ಮ ಒಪ್ಪಿಗೆ ಕೇಳುತ್ತದೆ.

ಇಷ್ಟೇ ಆಗಿದ್ದರೆ ಅಪ್ಪಣೆಯ ಸಾಲು ಕಷ್ಟಕಾಲದ ಒಂದು ಉಪಾಯವಾಗಿ ಉಳಿದು, ಒಳ್ಳೆಯ ಯಂತ್ರಗಳು ಬಂದ ಕೂಡಲೇ ಕಣ್ಮರೆಯಾಗುತ್ತಿತ್ತು. ಹಾಗಾಗದಂತೆ ತಡೆದದ್ದು ಒಂದು ಯೋಚನೆ. ಬೆಲ್ ಪ್ರಯೋಗಶಾಲೆಯ ಡಗ್ಲಸ್ ಮೆಕ್ಇಲ್ರಾಯ್ ೧೯೬೪ರ ಅಕ್ಟೋಬರಿನಲ್ಲೇ ಒಂದು ಟಿಪ್ಪಣಿ ಬರೆದಿದ್ದ: ತೋಟಕ್ಕೆ ನೀರು ಹಾಯಿಸುವ ಕೊಳವೆಯ ತುಂಡುಗಳನ್ನು ಒಂದಕ್ಕೊಂದು ತಿರುಗಿಸಿ ಸೇರಿಸುವಂತೆ, ಒಂದು ಪ್ರೋಗ್ರಾಮಿನ ತುದಿಗೆ ಇನ್ನೊಂದನ್ನು ಜೋಡಿಸುವಂತಿರಬೇಕು. ಎಂಟು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ೧೯೭೩ರ ಜನವರಿಯಲ್ಲಿ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಯುನಿಕ್ಸಿನಲ್ಲಿ ಮಾಡಿಬಿಟ್ಟ. ಇದರ ಗುರುತು ಒಂದು ನೆಟ್ಟನೆಯ ಗೆರೆ, ಹೆಸರು ‘ಪೈಪ್’.

ರಾಗಿ ಹಿಟ್ಟು ಮಾಡುವ ಬಗೆಯನ್ನು ನೆನೆಯಿರಿ. ಮೊರ ಕೇರುತ್ತದೆ, ಬೀಸುವ ಕಲ್ಲು ಬೀಸುತ್ತದೆ, ಜರಡಿ ಸೋಸುತ್ತದೆ. ಮೊರಕ್ಕೆ ಬೀಸಲು ಬಾರದು, ಜರಡಿಗೆ ಕೇರಲು ಬಾರದು. ಆದರೆ ಒಂದರ ಕೆಲಸ ಮುಗಿದದ್ದು ಇನ್ನೊಂದಕ್ಕೆ ಹೋಗುತ್ತದೆ. ನಿಮ್ಮೂರಿನ ವಾಚನಾಲಯದಲ್ಲಿ ವರ್ಷವಿಡೀ ಎರವಲು ಹೋದ ಪುಸ್ತಕಗಳ ಹೆಸರುಗಳು ಸಾಲಿಗೊಂದರಂತೆ ಒಂದು ಕಡತದಲ್ಲಿವೆ ಎನ್ನೋಣ. ಯಾವ ಹತ್ತು ಪುಸ್ತಕಗಳನ್ನು ಜನ ಹೆಚ್ಚು ಓದಿದರು? ‘ಸಾರ್ಟ್’ ಎಂಬುದು ಹೆಸರುಗಳನ್ನು ಕ್ರಮವಾಗಿ ಜೋಡಿಸಿ ಒಂದೇ ಹೆಸರಿನವನ್ನು ಒಟ್ಟಿಗೆ ತರುತ್ತದೆ. ‘ಯುನಿಕ್’ ಎಂಬುದು ಒಂದೊಂದೂ ಎಷ್ಟು ಸಲ ಬಂತೆಂದು ಎಣಿಸುತ್ತದೆ. ಮತ್ತೊಮ್ಮೆ ‘ಸಾರ್ಟ್’ ಎಣಿಕೆಯ ಪ್ರಕಾರ ದೊಡ್ಡದನ್ನು ಮೇಲೆ ತರುತ್ತದೆ. ‘ಹೆಡ್’ ಎಂಬುದು ಮೊದಲ ಹತ್ತನ್ನು ತೋರಿಸಿ ನಿಲ್ಲುತ್ತದೆ. ನಡುವೆ ಮೂರು ನೆಟ್ಟ ಗೆರೆಗಳು. ಇದು ಒಂದೇ ಸಾಲು, ಒಂದೇ ಉಸಿರು. ಹೆಸರುಗಳು ನೂರಿರಲಿ, ಹತ್ತು ಲಕ್ಷವಿರಲಿ, ಸಾಲು ಅದೇ. ಆ ಪ್ರೋಗ್ರಾಮುಗಳನ್ನು ಬರೆದವರು ಯಾರೂ ನಿಮ್ಮ ವಾಚನಾಲಯವನ್ನು ಕನಸಿನಲ್ಲೂ ಕಂಡವರಲ್ಲ. ಮೌನದ ಇನ್ನೊಂದು ಬೆಲೆಯೂ ಇಲ್ಲಿ ತಿಳಿಯುತ್ತದೆ. ನಡುವಿನ ಪ್ರೋಗ್ರಾಮುಗಳು ‘ಕೆಲಸವಾಯಿತು ಸ್ವಾಮಿ’ ಎಂದು ಹರಟುತ್ತಿದ್ದರೆ ಆ ಹರಟೆಯೂ ಕೊಳವೆಯಲ್ಲಿ ಹರಿದು ಹೋಗಿ ಲೆಕ್ಕ ಕೆಡುತ್ತಿತ್ತು.

ಕಿಟಕಿ, ಇಲಿ, ಚಿತ್ರಗಳ ಕಾಲ ಬಂದದ್ದು ನಿಮಗೆ ಗೊತ್ತೇ ಇದೆ. ಡಗ್ಲಸ್ ಎಂಗೆಲ್ಬಾರ್ಟ್ ೧೯೬೮ರ ಡಿಸೆಂಬರಿನಲ್ಲಿ ಮೌಸನ್ನು ಸಭೆಯ ಮುಂದೆ ತೋರಿಸಿದ. ೧೯೮೪ರ ಮ್ಯಾಕಿಂತೋಷ್, ೧೯೯೫ರ ವಿಂಡೋಸ್ ಅದನ್ನು ಮನೆಮನೆಗೆ ಮುಟ್ಟಿಸಿದುವು. ಅಪ್ಪಣೆಯ ಸಾಲಿನ ಕಾಲ ತೀರಿತೆಂದು ಆಗ ಬಹಳ ಜನ ಭಾವಿಸಿದರು. ಆದರೆ ಮರೆಯಲ್ಲಿ ಬೇರೆಯೇ ನಡೆದಿತ್ತು. ರಿಚರ್ಡ್ ಸ್ಟಾಲ್‌ಮನ್ ೧೯೮೩ರಲ್ಲಿ ಸಾರಿದ ಗ್ನೂ ಯೋಜನೆಗಾಗಿ ಬ್ರಯನ್ ಫಾಕ್ಸ್ ೧೯೮೯ರಲ್ಲಿ ‘ಬ್ಯಾಶ್’ ಎಂಬ ಶೆಲ್ ಬರೆದ. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಹೊರಡಿಸಿದ. ಎರಡೂ ಕೂಡಿ, ಯುನಿಕ್ಸಿನ ಮಾತು ಕಾಸಿಲ್ಲದೆ ಎಲ್ಲರಿಗೂ ದೊರೆಯುವಂತಾಯಿತು. ಚಿತ್ರದ ಪರದೆಗೆ ಹೆಸರಾಂತ ಆಪಲ್‌ನವರೇ ೨೦೦೧ರಲ್ಲಿ ತಮ್ಮ ಯಂತ್ರಕ್ಕೆ ಯುನಿಕ್ಸ್ ಬುನಾದಿ ಹಾಕಿ ಒಳಗೊಂದು ಟರ್ಮಿನಲ್ ಇಟ್ಟರು; ಮೈಕ್ರೋಸಾಫ್ಟ್‌ನವರು ೨೦೦೬ರಲ್ಲಿ ಪವರ್‌ಶೆಲ್ ತಂದರು, ೨೦೧೬ರಲ್ಲಿ ವಿಂಡೋಸಿನೊಳಗೇ ಲಿನಕ್ಸಿನ ಸಾಲಿಗೆ ಎಡೆ ಮಾಡಿಕೊಟ್ಟರು.

ಪ್ರಪಂಚದ ಅತಿ ವೇಗದ ೫೦೦ ಕಂಪ್ಯೂಟರುಗಳ ೨೦೧೭ರ ನವೆಂಬರ್ ಪಟ್ಟಿಯಲ್ಲಿ ೫೦೦ಕ್ಕೆ ೫೦೦ ಲಿನಕ್ಸಿನವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ ಇಂಥದೊಂದು ಮಹಾಗಣಕ. ಅದರ ಸಾಮರ್ಥ್ಯ ೩.೩ ಪೆಟಾಫ್ಲಾಪ್, ಎಂದರೆ ಸೆಕೆಂಡಿಗೆ ಮೂರು ಸಾವಿರ ಲಕ್ಷಕೋಟಿಗೂ ಮಿಕ್ಕಿದ ಲೆಕ್ಕಗಳು. ಅದನ್ನು ಬಳಸುವ ಸಂಶೋಧಕ ಮುಖ್ಯವಾಗಿ ತನ್ನ ಮೇಜಿನಿಂದಲೇ ಒಂದು ಸಾಲು ಬರೆದು ಕೆಲಸ ಒಪ್ಪಿಸುತ್ತಾನೆ. ಒಪ್ಪಿಸಿದ ಕೆಲಸ ಸರದಿಯಲ್ಲಿ ನಿಲ್ಲುತ್ತದೆ! ಕಾರ್ಡಿನ ಕಟ್ಟು ಹಿಡಿದು ಕಿಟಕಿಯಲ್ಲಿ ಕಾಯುತ್ತಿದ್ದವನ ಮೊಮ್ಮಗನಿಗೂ ಕಾಯುವುದು ತಪ್ಪಿಲ್ಲ. ಮನೆಗೆ ಹೋಗಿ ಕಾಯಬಹುದು, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ನುಡಿಯ ಮಾತು ಬರಲೇಬೇಕು. ೧೯೬೩ರಲ್ಲಿ ಅಮೆರಿಕದವರು ಟೆಲಿಪ್ರಿಂಟರು, ಕಂಪ್ಯೂಟರುಗಳಿಗೆ ಒಪ್ಪಿದ ಆಸ್ಕಿ ಎಂಬ ಸಂಕೇತದಲ್ಲಿ ೧೨೮ ಸ್ಥಾನಗಳು ಮಾತ್ರ. ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆ, ಗಂಟೆ ಬಾರಿಸುವ ಒಂದು ಸಂಕೇತ ಇವುಗಳಿಗೆಲ್ಲ ಜಾಗವಿತ್ತು. ನಮ್ಮ ಕಾಗುಣಿತಕ್ಕೆ ಇರಲಿಲ್ಲ. ಬಹುಕಾಲ ಅಪ್ಪಣೆಯ ಸಾಲು ಕನ್ನಡಕ್ಕೆ ಕಿವುಡಾಗಿತ್ತು. ೧೯೯೧ರ ಯು‌ನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಆದರೆ ಅದನ್ನು ಹಳೆಯ ಪ್ರೋಗ್ರಾಮುಗಳು ಕೆಡದಂತೆ ಕೊಳವೆಯಲ್ಲಿ ಹರಿಸುವುದು ಹೇಗೆ? ಉತ್ತರ ಕಂಡವರು ಅದೇ ಥಾಂಪ್ಸನ್ ಮತ್ತು ಆತನ ಸಂಗಡಿಗ ರಾಬ್ ಪೈಕ್. ೧೯೯೨ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಊಟದ ಹೋಟೆಲೊಂದರಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಅದರ ಕ್ರಮವನ್ನು ಗೀಚಿದರು. ಯುಟಿಎಫ್-೮ ಎಂಬ ಆ ಕ್ರಮದಿಂದಾಗಿಯೇ ಇಂದು ನೀವು ಕಡತಕ್ಕೆ ಕನ್ನಡದ ಹೆಸರಿಡಬಹುದು, ಕೆ. ಪಿ. ರಾವ್ ಅವರು ರೂಪಿಸಿದಂಥ ಕೀಲಿಮಣೆಯಲ್ಲಿ ಅದನ್ನು ಸಾಲಿನಲ್ಲೇ ಬರೆಯಬಹುದು. ‘ಎಕೋ’ ಎಂದು ಬರೆದು ಮುಂದೆ ಕನ್ನಡ ಎಂಬ ಪದವನ್ನಿಟ್ಟು, ನೆಟ್ಟ ಗೆರೆ ಹಾಕಿ, ಎಣಿಸುವ ‘ಡಬ್ಲ್ಯುಸಿ’ಗೆ ಅಡ್ಡಗೆರೆ ಮತ್ತು ‘ಸಿ’ ಅಕ್ಷರ ಸೇರಿಸಿ ಕಳಿಸಿ ನೋಡಿ. ೧೬ ಎಂಬ ಉತ್ತರ ಬರುತ್ತದೆ. ಒಂದು ಸಾಲಿನ ಕೊನೆಯ ಗುರುತು. ಉಳಿದ ೧೫, ಕ, ನ, ಒತ್ತಿನ ಚಿಹ್ನೆ, ಮತ್ತೊಂದು ನ, ಡ ಈ ಐದಕ್ಕೆ ಮೂರು ಮೂರರಂತೆ.

ಅಪ್ಪಣೆಗಳು ಮಾತ್ರ ಇಂಗ್ಲಿಷಿನವೇ ಅಲ್ಲವೇ ಎಂದು ನೀವು ಕೇಳಬಹುದು. ಅವು ಇಂಗ್ಲಿಷೂ ಅಲ್ಲ. ‘ಎಲ್‌ಎಸ್’ ಎಂಬುದು ಲಂಡನ್ನಿನ ಹುಡುಗನಿಗೂ ಒಗಟೇ, ಲಿಂಗಸುಗೂರಿನ ಹುಡುಗಿಗೂ ಒಗಟೇ. ಇಬ್ಬರೂ ಮೊದಲ ದಿನ ಒಂದೇ ಮೆಟ್ಟಿಲ ಮೇಲೆ ನಿಂತವರು. ಅದೂ ಬೇಡವೆಂದರೆ ಬ್ಯಾಶ್ ಶೆಲ್ಲಿನಲ್ಲಿ ‘ಏಲಿಯಸ್’ ಎಂಬ ಅಪ್ಪಣೆಯಿದೆ. ಅದರ ಮುಂದೆ ಪಟ್ಟಿ ಎಂಬ ಕನ್ನಡ ಪದವನ್ನು ಬರೆದು, ನಡುವೆ ಜಾಗ ಬಿಡದೆ ಸಮ ಚಿಹ್ನೆ ಹಾಕಿ, ‘ಎಲ್‌ಎಸ್’ ಎಂದಿಟ್ಟರೆ, ಆ ಕಿಟಕಿ ತೆರೆದಿರುವವರೆಗೆ ‘ಪಟ್ಟಿ’ ಎಂದ ಕೂಡಲೇ ಯಂತ್ರ ಪಟ್ಟಿ ಕೊಡುತ್ತದೆ. ನೋಡಿ ಮುಗಿದ ಮೇಲೆ ಕಂಟ್ರೋಲ್ ಕೀಲಿಯನ್ನು ಹಿಡಿದು ‘ಡಿ’ ಒತ್ತಿದರೆ ಶೆಲ್ ಮುಚ್ಚಿಕೊಳ್ಳುತ್ತದೆ. ಆಸ್ಕಿಯ ಪಟ್ಟಿಯಲ್ಲಿ ಅದು ನಾಲ್ಕನೆಯ ಸಂಖ್ಯೆಯ ಸಂಕೇತ. ‘ಕಳಿಸುವುದು ಮುಗಿಯಿತು’ ಎಂದು ಟೆಲಿಪ್ರಿಂಟರು ಆ ತುದಿಗೆ ತಿಳಿಸುತ್ತಿದ್ದ ಗುರುತು.